ಅಧಿಕಪ್ರಸಂಗದ ಕೊನೆಯ ಚೀಟಿ

ಅಲ್ಪವಿರಾಮ ಬಾಗಿಲಲ್ಲಿ ಬಂದು ನಿಂತಾಗ ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. ಬೆಳಗಿನ ಹನ್ನೊಂದೂವರೆ ಗಂಟೆ.

ನಿಘಂಟು ಕಚೇರಿಯ ಎರಡನೆಯ ಸಂಪಾದಕನಿಗೆ ಆ ಹೆಸರು ಬಿದ್ದದ್ದು ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಅಭ್ಯಾಸದಿಂದ. ಅವನ ಬಾಯಿಂದ ಹೊರಡುವಷ್ಟರಲ್ಲಿ ಎಂಥ ಬಿಸಿ ಸುದ್ದಿಯೂ ಹಳಸಿಹೋಗಿರುತ್ತದೆ ಎಂದು ಅಕ್ಕನ ತಮ್ಮ ನಗುತ್ತಿದ್ದ. ಆ ದಿನ ಅವನು "ಅಕ್ಕಾ" ಎಂದು ನಿಂತ. "ಯಜಮಾನ್ರು" ಎಂದು ಮತ್ತೆ ನಿಂತ. ಮೂರನೆಯ ಮಾತು ಬರಲೇ ಇಲ್ಲ. ಅಕ್ಕ ಅವನ ಕಾಲು ನೋಡಿದಳು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಬೀದಿಯುದ್ದಕ್ಕೂ ಹಾಗೆಯೇ ಓಡಿಬಂದಿದ್ದ. ಅವಳಿಗೆ ಅಷ್ಟರಲ್ಲೇ ತಿಳಿದುಹೋಯಿತು. ಮೊರವನ್ನು ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, "ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು.

ಹೆಚ್ಚು ಹೊತ್ತಾಗಿರಲಿಲ್ಲ. ನಿಘಂಟಿನ ಮುಖ್ಯ ಸಂಪಾದಕನಾದ ಅವಳ ತಮ್ಮ ಕಚೇರಿಗೆ ಬಂದು, ಒಂದು ಚೀಟಿ ಬರೆದು, ಮೇಜಿನ ಮೇಲೆ ತಲೆಯಿಟ್ಟಿದ್ದನಂತೆ. ಮೂವತ್ತೆಂಟು ವರ್ಷಗಳಿಂದ ನೆನಪಿಗೆ ಬಾರದ ಪದವನ್ನು ಅವನು ಹುಡುಕುತ್ತಿದ್ದದ್ದೇ ಹಾಗೆ. ಆದ್ದರಿಂದ ಯಾರೂ ಅವನನ್ನು ಮಾತಾಡಿಸಲು ಹೋಗಲಿಲ್ಲ. ಕಿಟಕಿಯಿಂದ ಬಿಸಿಲು ಅವನ ಕುತ್ತಿಗೆಯ ಮೇಲೆ ಬಿದ್ದಾಗ, ಚೀಟಿಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸುವ ಹೆಂಗಸು ಪರದೆ ಎಳೆಯಲೇ ಎಂದು ಕೇಳಿದಳು. ಉತ್ತರ ಬರಲಿಲ್ಲ. ದೇವರು ಅವನನ್ನು ನೋವಿಲ್ಲದೆ, ಕೆಲಸದ ನಡುವೆ, ಕನ್ನಡಕ ತೆಗೆಯುವಷ್ಟು ಪುರುಸೊತ್ತನ್ನೂ ಕೊಡದೆ ಕರೆದುಕೊಂಡಿದ್ದ.

ತಮ್ಮನಿಗೆ ಆಗ ಅರವತ್ತೆಂಟು. ಅಕ್ಕನಿಗೆ ಎಪ್ಪತ್ತನಾಲ್ಕು. ತಾಯಿ ತೀರಿಕೊಂಡಾಗ ಅವನು ಆರು ವರ್ಷದವನು. ಅಂದಿನಿಂದ ಅವನ ತಲೆ ಬಾಚಿದವಳು ಇವಳು. ಅವನು ಮದುವೆಯ ಗೊಡವೆಗೆ ಹೋಗಲಿಲ್ಲ. ಇವಳು ಗಂಡನನ್ನು ಕಳೆದುಕೊಂಡ ಮೇಲೆ ಬಂದು ಅವನ ಮನೆ ಸೇರಿದಳು. ಮೂವತ್ತು ವರ್ಷ ಒಂದೇ ಸೂರಿನಡಿ ಇಬ್ಬರೂ ಜಗಳವಾಡಿಕೊಂಡು ಸುಖವಾಗಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಅವನು ಬಾಯಲ್ಲಿ ಹೇಳುತ್ತಿರಲಿಲ್ಲ, ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬರುತ್ತಿದ್ದ. ಅವಳು ಮಾರನೆಯ ದಿನ ಉಪ್ಪೇ ಇಲ್ಲದ ಸಾರು ಬಡಿಸಿ, ಎದುರು ಕೂತು ಅವನ ಮುಖ ನೋಡುತ್ತಿದ್ದಳು.

ಆದರೆ ಆ ಬೆಳಗಿನದು ಅಂಥ ಜಗಳವಾಗಿರಲಿಲ್ಲ. ಅದೇ ಅಕ್ಕನ ಎದೆಯಲ್ಲಿ ಮುಳ್ಳಾಗಿ ಕೂತದ್ದು.

ಎಂಟು ಗಂಟೆಗೆ ಪಕ್ಕದ ಮನೆಯ ದರ್ಜಿಯಮ್ಮ ಬಂದಿದ್ದಳು. ಅವಳ ಮಗಳಿಗೆ ಮದುವೆಯಾದ ಒಂಬತ್ತು ವರ್ಷದ ಮೇಲೆ ಹೆರಿಗೆಯಾಗಿತ್ತು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದಿದ್ದಳು. "ಅವಳಿ ಜವಳಿ ಅಕ್ಕಾ" ಎಂದಳು. ಅಷ್ಟು ಹೇಳಿ ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ, ಪತ್ರಿಕೆಯ ಹಿಂದಿನಿಂದ ತಮ್ಮನ ದನಿ ಬಂತು.

"ಅವಳಿ ಅಂದ್ರೂ ಎರಡು, ಜವಳಿ ಅಂದ್ರೂ ಎರಡು. ಹಾಗಾದ್ರೆ ಒಟ್ಟು ನಾಲ್ಕೇನಮ್ಮ?"

ದರ್ಜಿಯಮ್ಮ ಗೋಡೆಗೆ ಒರಗಿ ಅಳತೊಡಗಿದಳು. ಅವಳು ಹೇಳಲಿದ್ದ ಮುಂದಿನ ಮಾತು, ಎರಡರಲ್ಲಿ ಒಂದು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಉಳಿಯುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ ಎಂಬುದು. ತಮ್ಮ ಪತ್ರಿಕೆ ಕೆಳಗಿಟ್ಟ. ಅವನ ಮುಖ ಸಣ್ಣದಾಗಿತ್ತು. ಅಕ್ಕ ಅದನ್ನು ನೋಡಿಯೂ ತಡೆದುಕೊಳ್ಳಲಿಲ್ಲ.

"ನೀನೊಬ್ಬ ಅಧಿಕಪ್ರಸಂಗಿ ಕಣೋ. ತಲೆ ನರೆತ್ರೂ ಎಲ್ಲಿ ಬಾಯಿ ಮುಚ್ಕೋಬೇಕು ಅನ್ನೋದು ಬರ್ಲಿಲ್ಲ ನಿಂಗೆ."

ತಮ್ಮ ಎದ್ದು ಕೋಟು ಹಾಕಿಕೊಂಡ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಬುತ್ತಿಯ ಡಬ್ಬಿ ಕಟ್ಟೆಯ ಮೇಲೇ ಉಳಿಯಿತು. ಮೂರು ತಾಸು ಕಳೆದ ಮೇಲೆ ಅಲ್ಪವಿರಾಮ ಬಂದ.

ಕೂಸು ಬದುಕಿತು. ಐದನೆಯ ದಿನ ಗಾಜಿನ ಪೆಟ್ಟಿಗೆಯಿಂದ ಹೊರಬಂದು, ಹನ್ನೆರಡನೆಯ ದಿನ ಮನೆಗೆ ಬಂದು, ಬೀದಿಗೆಲ್ಲ ಕೇಳುವಂತೆ ಅಳತೊಡಗಿತು. ದರ್ಜಿಯಮ್ಮ ಬಂದು ಅಕ್ಕನ ಕೈ ಹಿಡಿದುಕೊಂಡು, ಅಣ್ಣಾವ್ರ ಮಾತನ್ನು ನಾನು ಆವತ್ತೇ ಮರೆತೆ, ನೀವೂ ಮರೆತುಬಿಡಿ ಎಂದಳು. ಅಕ್ಕ ಆಗಲಿ ಎಂದಳು. ಮರೆಯುವುದು ಆಗಲಿಲ್ಲ. ತಮ್ಮನ ಮಾತನ್ನಲ್ಲ, ತನ್ನ ಬಾಯಿಂದ ಬಿದ್ದ ಮಾತನ್ನು.

ಅವಳು ದಿನಕ್ಕೆರಡು ಸಲ ಕೈಮುಗಿದು ಕೂರುವವಳು. ಸತ್ತವರಿಗೆಲ್ಲ ಅವಳ ಪ್ರಾರ್ಥನೆಯಲ್ಲಿ ಒಂದೊಂದು ಜಾಗವಿತ್ತು: ತಂದೆ, ತಾಯಿ, ಗಂಡ, ಒಬ್ಬಳು ಬಾಲ್ಯದ ಗೆಳತಿ, ಹಳೆಯ ಮನೆಯಲ್ಲಿದ್ದ ಒಂದು ಮುದಿ ನಾಯಿಯೂ ಸಹ. ಒಬ್ಬೊಬ್ಬರನ್ನೇ ನೆನೆದು, ಶಾಂತಿ ಕೊಡಪ್ಪ ಎಂದು ಕೇಳಿಕೊಳ್ಳುತ್ತಿದ್ದಳು. ಈಗ ತಮ್ಮನ ಸರದಿ ಬಂದಾಗ ನಾಲಿಗೆ ಒಣಗುತ್ತಿತ್ತು. ತಾನೇ ಶಾಂತಿ ಕೆಡಿಸಿ ಕಳಿಸಿ, ಈಗ ಅದನ್ನು ಕೊಡು ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ನೊಂದುಕೊಂಡೇ ಹೋದನೆ, ಇಲ್ಲವೆ? ಅದೊಂದು ಗೊತ್ತಾದರೆ ಸಾಕಿತ್ತು. ನೊಂದಿದ್ದರೆ ಕ್ಷಮೆ ಕೇಳುವ ದಾರಿ ಹುಡುಕುತ್ತಿದ್ದಳು. ಏನೂ ಗೊತ್ತಿಲ್ಲದೆ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು.

ಗೊತ್ತಿದ್ದವರು ಇಬ್ಬರೇ, ಅಲ್ಪವಿರಾಮ ಮತ್ತು ಕಚೇರಿಯಲ್ಲಿ ಚೀಟಿ ಜೋಡಿಸುವ ಪೆಟ್ಟಿಗೆಯ ಹೆಂಗಸು. ಕೊನೆಯ ಗಂಟೆಗಳನ್ನು ಅವನು ಕಳೆದದ್ದು ಅವರ ಜೊತೆ. ಅಕ್ಕ ಇಬ್ಬರನ್ನೂ ಕೇಳಿದಳು. ಬೆಳಿಗ್ಗೆ ಬಂದಾಗ ಹೇಗಿದ್ದ, ಏನಾದರೂ ಅಂದನೆ ಎಂದಳು. ಅಲ್ಪವಿರಾಮ ನೆಲ ನೋಡಿದ. "ಅದು ಅಕ್ಕಾ" ಎಂದ. ನಿಂತ. "ಈಗ ಹೇಳೋ ಹಾಗಿಲ್ಲ" ಎಂದು ಕೊಡೆ ಎತ್ತಿಕೊಂಡು ನಡೆದ. ಪೆಟ್ಟಿಗೆಯ ಹೆಂಗಸು ಇನ್ನೂ ಮೇಲು. ಪ್ರಶ್ನೆ ಮುಗಿಯುವ ಮೊದಲೇ, ನಿಮ್ಮ ನಲ್ಲಿ ತೊಟ್ಟಿಕ್ಕುತ್ತಿದೆ, ನಮ್ಮ ಬೀದಿಯಲ್ಲಿ ಒಳ್ಳೆಯ ಕೆಲಸದವನಿದ್ದಾನೆ, ಕಳಿಸುತ್ತೇನೆ ಎಂದಳು. ನಲ್ಲಿ ರಿಪೇರಿಯಾಯಿತು. ಅಕ್ಕ ಅರ್ಥ ಮಾಡಿಕೊಂಡಳು. ಹೇಳಲಾಗದಂಥ ಮಾತನ್ನೇ ಅವನು ಆಡಿರಬೇಕು. ನನ್ನನ್ನು ಶಪಿಸಿಯೇ ಹೋಗಿರಬೇಕು, ಪಾಪ, ಇವರು ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು.

ಮೂರು ವಾರವಾದ ಮೇಲೆ ಅಲ್ಪವಿರಾಮ ಮತ್ತೆ ಬಂದ. ಕಚೇರಿಯಲ್ಲಿ ಒಂದು ಪದ ಓದಿಸುವುದಿದೆ, ನೀವು ಬಂದು ಕೇಳಬೇಕು ಎಂದ. ಮೊದಲ ಸಂಪುಟ ಪೂರ್ತಿ ಅಚ್ಚಿಗೆ ಸಿದ್ಧವಿದೆ, ಒಂದೇ ಒಂದು ಪದ ಬಾಕಿ ಎಂದ. ಯಾವ ಪದ ಎಂದು ಅಕ್ಕ ಕೇಳಿದಳು. ಅವನು ಎರಡು ಸಲ ನಿಂತು ಹೇಳಿದ. ಅಕ್ಕನ ಮುಖ ಸುಣ್ಣದಂತಾಯಿತು. ಆದರೂ ಸೀರೆ ಬದಲಿಸಿಕೊಂಡು ಹೊರಟಳು.

ಕಚೇರಿ ಇದ್ದದ್ದು ಪುಸ್ತಕ ಕಟ್ಟುವವರ ಅಂಗಡಿಯ ಮಹಡಿಯಲ್ಲಿ, ಎರಡು ಕೋಣೆ. ಮೆಟ್ಟಿಲ ತುಂಬ ಅಂಟಿನ ವಾಸನೆ. ಒಳಗೆ ಗೋಡೆಯಿಂದ ಗೋಡೆಗೆ ಮರದ ಕಪಾಟು, ಕಪಾಟಿನ ತುಂಬ ಉದ್ದನೆಯ ಕಿರಿದಾದ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಅಂಗೈಯಗಲದ ಚೀಟಿಗಳು. ತಮ್ಮನ ಕುರ್ಚಿ ಖಾಲಿ ಇತ್ತು. ಅದರ ಕೈಗಳ ಮೇಲೆ ಬಣ್ಣ ಹೋಗಿ ಮರ ಹೊಳೆಯುತ್ತಿತ್ತು. ಅಕ್ಕನನ್ನು ಅದರ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಪೆಟ್ಟಿಗೆಯ ಹೆಂಗಸು ಚಹ ತಂದಿಟ್ಟು, ಬಾಯಿಗೆ ಬೀಗ ಹಾಕಿಕೊಂಡವಳಂತೆ ಬಾಗಿಲ ಬಳಿ ನಿಂತಳು.

ಅಲ್ಪವಿರಾಮ ಓದಿದ. ಓದುವಾಗ ಮಾತ್ರ ಅವನಿಗೆ ಉಸಿರಿನ ತೊಂದರೆ ಇರಲಿಲ್ಲ.

ಅಧಿಕ ಎಂದರೆ ಹೆಚ್ಚು. ಪ್ರಸಂಗ ಎಂದರೆ ಮೂಲದಲ್ಲಿ ಅಂಟಿಕೊಂಡಿರುವುದು. ಅದರಿಂದ ಹೊಂದಿಕೆ, ಅದರಿಂದ ಸಂದರ್ಭ, ಆ ಹೊತ್ತಿಗೆ ನಡೆದಿರುವ ವಿಷಯ, ಕಡೆಗೆ ಮಾತು. ಎರಡೂ ಸಂಸ್ಕೃತದವು. ಆ ಹೊತ್ತಿಗೆ ಎಷ್ಟು ಮಾತು ಅಂಟುತ್ತದೋ ಅದಕ್ಕಿಂತ ಹೆಚ್ಚಿನದನ್ನು ಅಂಟಿಸಲು ಹೋಗುವುದು ಅಧಿಕಪ್ರಸಂಗ. ಕೇಳದಿದ್ದರೂ ನಡುವೆ ಬಾಯಿ ಹಾಕುವುದು, ಸಲ್ಲದ ಸಲಿಗೆ, ಉದ್ಧಟತನ. ಅಂಚಿನಲ್ಲಿ ತಮ್ಮನ ಕೈಬರಹದ ಟಿಪ್ಪಣಿ ಇತ್ತು. ಅಚ್ಚಿಗೆ ಹೋಗುವಂಥದ್ದಲ್ಲ, ಆದರೂ ಅಲ್ಪವಿರಾಮ ಓದಿದ: ಅಧಿಕವೂ ಮರ್ಯಾದಸ್ಥರ ಮನೆಯ ಪದ, ಪ್ರಸಂಗವೂ ಮರ್ಯಾದಸ್ಥರ ಮನೆಯ ಪದ. ಇಬ್ಬರೂ ಕೂಡಿಕೊಂಡು ಹೆತ್ತದ್ದು ಮಾತ್ರ ಇಂಥ ಪುಂಡನನ್ನು.

ಅಕ್ಕನಿಗೆ ನಗು ಬಂತು. ಮೂರು ವಾರದಲ್ಲಿ ಮೊದಲ ಸಲ.

ಆಮೇಲೆ ಚೀಟಿಗಳು ಹೊರಬಂದವು. ಒಂದೊಂದು ಚೀಟಿಯಲ್ಲೂ ಆ ಪದ ಬಂದ ಒಂದು ವಾಕ್ಯ. ಕೆಳಗೆ ಹೇಳಿದವರು, ಕೇಳಿದವರು, ದಿನ, ಕಡೆಯಲ್ಲಿ ಧ್ವನಿ. ಧ್ವನಿ ಎಂದರೆ ಯಾವ ಭಾವದಿಂದ ಆಡಿದ್ದು ಎಂಬುದು: ಕೋಪ, ತಿರಸ್ಕಾರ, ತಮಾಷೆ, ಸಲಿಗೆ. ಈ ಕಚೇರಿಗೆ ತಮ್ಮನೇ ಒಂದು ಕಟ್ಟಳೆ ಮಾಡಿದ್ದ. ಬೈಗುಳದ ಪದವಾದರೆ ಕೇಳಿದವನು ಧ್ವನಿಯನ್ನು ತುಂಬಕೂಡದು. ಬೈಸಿಕೊಂಡವನಿಗೆ ಎಲ್ಲವೂ ಕೋಪವೆಂದೇ ಕಾಣುತ್ತದೆ. ಆಡಿದವರನ್ನೇ ಹೋಗಿ ಕೇಳಬೇಕು, ಅವರ ಕೈಯಿಂದಲೇ ಬರೆಸಬೇಕು.

ಹಾಗೆ ಬರೆಸಿದ ಚೀಟಿಗಳು ಹನ್ನೊಂದು ವರ್ಷದಲ್ಲಿ ನಲವತ್ತಮೂರು ಕೂಡಿದ್ದವು. ಕ್ಷೌರದವನೊಬ್ಬ, ಕತ್ತಿ ಹೇಗೆ ಹಿಡಿಯಬೇಕೆಂದು ಹೇಳಿಕೊಡಲು ಬಂದ ಗಿರಾಕಿಗೆ ಅಂದದ್ದು, ಧ್ವನಿ, ತಮಾಷೆ. ಬಸ್ಸಿನ ಕಂಡಕ್ಟರ್, ತಾನೇ ಗಂಟೆ ಹೊಡೆದು ಬಸ್ಸು ಬಿಡಿಸಿದ ಪ್ರಯಾಣಿಕನಿಗೆ ಅಂದದ್ದು; ತಮಾಷೆ. ಹೆಡ್‌ಮಾಸ್ತರು ತಮ್ಮ ಮೇಲಧಿಕಾರಿಯ ಬೆನ್ನ ಹಿಂದೆ ಅಂದದ್ದು. ತಮಾಷೆ, ಪಕ್ಕದಲ್ಲಿ ದಯವಿಟ್ಟು ಹೆಸರು ಬೇಡ ಎಂದು ಬೇರೆ. ಹೆಂಡತಿಯೊಬ್ಬಳು, ನೆಂಟರೆದುರು ತನ್ನ ವಯಸ್ಸು ಹೇಳಿಬಿಟ್ಟ ಗಂಡನಿಗೆ ಅಂದದ್ದು, ಅದೂ ತಮಾಷೆ. ಆ ಚೀಟಿಯ ಹಿಂದೆ ಪೆಟ್ಟಿಗೆಯ ಹೆಂಗಸಿನ ಅಕ್ಷರದಲ್ಲಿ, ಹೇಳುವಾಗ ಈಕೆಯ ಕೈಯಲ್ಲಿ ಲಟ್ಟಣಿಗೆ ಇತ್ತು ಎಂದು ಬರೆದಿತ್ತು.

"ನಲವತ್ಮೂರೂ ತಮಾಷೆನಾ?" ಎಂದು ಅಕ್ಕ ಕೇಳಿದಳು.

ಎರಡು ಸಲಿಗೆ, ಉಳಿದದ್ದೆಲ್ಲ ತಮಾಷೆ ಎಂದ ಅಲ್ಪವಿರಾಮ. ಯಾರನ್ನು ಕೇಳಿದರೂ ಹಾಗೆಯೇ. ಬೈಯುವಾಗ ಕಣ್ಣು ಕೆಂಪಗಿರುತ್ತದೆ. ಚೀಟಿ ಮುಂದಿಟ್ಟು ಕೇಳಿದರೆ, ಅಯ್ಯೋ ಸುಮ್ಮನೆ ನಗುವುದಕ್ಕೆ ಅಂದದ್ದು ಸ್ವಾಮಿ ಎನ್ನುತ್ತಾರೆ. ಕೋಪ ಎಂದು ತನ್ನ ಕೈಯಿಂದ ಬರೆದುಕೊಟ್ಟವರು ಒಬ್ಬರೂ ಇಲ್ಲ. ಹಾಗೆಂದು ಅಚ್ಚು ಹಾಕಿಸಿದರೆ ಇದು ನಗಿಸುವ ಪದ ಎಂದಾಗುತ್ತದೆ. ನಾಳೆ ಯಾರೋ ಹೊಸಬ ನಿಘಂಟು ನಂಬಿಕೊಂಡು ಮಾವನಿಗೆ ಅಧಿಕಪ್ರಸಂಗಿ ಎಂದಾನು. ಅದಕ್ಕೇ ಯಜಮಾನರು ಈ ಪದವನ್ನು ಮುಗಿಸಲೇ ಇಲ್ಲ.

ಹೇಳಿ, ಅವನು ಕೊನೆಯ ಚೀಟಿಯನ್ನು ಮೇಜಿನ ಮೇಲಿಟ್ಟ.

ತಮ್ಮನ ದುಂಡಗಿನ ಅಕ್ಷರ. ಆ ಬೆಳಗ್ಗೆ ಅಕ್ಕ ಆಡಿದ ಮಾತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹೇಳಿದವರು: ನಮ್ಮಕ್ಕ. ಕೇಳಿದವರು: ನಾನು. ದಿನ, ಅವನು ತೀರಿಕೊಂಡ ದಿನವೇ. ಧ್ವನಿಯ ಎದುರು ಖಾಲಿ.

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಕೆಳಗಿನ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಮನೆಯೊಳಗೆ ಆಡಿದ ಮಾತನ್ನು ಊರಿಗೆಲ್ಲ ಕಾಣುವ ಪುಸ್ತಕಕ್ಕೆ ಹಾಕುತ್ತೀರಾ ಎಂದು ಕೇಳೋಣವೆನ್ನಿಸಿತು. ಕೇಳಲಿಲ್ಲ. ಬೆರಳಿನಿಂದ ಆ ಖಾಲಿ ಜಾಗವನ್ನು ಮುಟ್ಟಿದಳು.

"ತಮಾಷೆ ಅಂತ ಬರೆದ್ರೆ?"

"ಬರೀಬಹುದು ಅಕ್ಕಾ" ಎಂದ ಅಲ್ಪವಿರಾಮ. ನಿಂತ. "ಆಡಿದವರು ಹೇಳಿದ್ದೇ ಕೊನೆ. ನಾವು ಎದುರಾಡೋ ಹಾಗಿಲ್ಲ."

ಅದು ಎಷ್ಟು ಸುಲಭವಾಗಿತ್ತು. ಮೂರಕ್ಷರ ಬರೆದರೆ ಆ ಬೆಳಗು ಅಳಿಸಿಹೋಗುತ್ತಿತ್ತು. ಅಕ್ಕನೂ ತಮ್ಮನೂ ನಗುನಗುತ್ತ ಬೇರೆಯಾದರು ಎಂದು ಮಸಿಯಲ್ಲಿ ಉಳಿಯುತ್ತಿತ್ತು. ನಾಲ್ಕು ವರ್ಷ ಕಳೆದರೆ ಅವಳೂ ಅದನ್ನೇ ನಂಬಿಬಿಡುತ್ತಿದ್ದಳೋ ಏನೋ. ಪೆನ್ನು ಕೈಗೆ ತೆಗೆದುಕೊಂಡಳು. ಎದುರಿನ ಖಾಲಿ ಕುರ್ಚಿ ಕಂಡಿತು. ಇವನ ಮುಂದೆ ನಾನು ಎಂದೂ ಸುಳ್ಳು ಹೇಳಿದವಳಲ್ಲ; ಇವನು ಆರು ವರ್ಷದವನಿದ್ದಾಗ, ಅಮ್ಮ ಎಲ್ಲಿ ಎಂದು ಕೇಳಿದ್ದಕ್ಕೂ, ಊರಿಗೆ ಹೋಗಿದ್ದಾಳೆ ಎನ್ನಲಿಲ್ಲ, ಸತ್ತುಹೋದಳು ಕಂದ ಎಂದೇ ಹೇಳಿದೆ ಎಂದು ನೆನಪಾಯಿತು. ಅವನು ಆ ದಿನ ಅತ್ತು, ಸಂಜೆ ಅವಳ ಮಡಿಲಲ್ಲೇ ಮಲಗಿದ್ದ.

ಅವಳು ಬರೆದಳು: ಕೋಪ. ಅಷ್ಟಕ್ಕೇ ಬಿಡದೆ ಪಕ್ಕದಲ್ಲಿ ಸೇರಿಸಿದಳು: ನಿಜವಾದ ಕೋಪ. ಚೀಟಿಯನ್ನು ಅತ್ತ ತಳ್ಳಿ, ಕಣ್ಣಿಗೆ ಸೆರಗು ಒತ್ತಿಕೊಂಡಳು.

ಅಲ್ಪವಿರಾಮ ಚೀಟಿಯನ್ನು ಎತ್ತಿಕೊಂಡು ನೋಡಿದ. ಆಮೇಲೆ ಬಾಗಿಲ ಬಳಿಯಿಂದ ಪೆಟ್ಟಿಗೆಯ ಹೆಂಗಸು ಗಟ್ಟಿಯಾಗಿ ಉಸಿರು ಬಿಟ್ಟಳು. "ಇನ್ನು ಹೇಳ್ಬಹುದಲ್ವಾ? ಹೇಳ್ರೀ, ಬೇಗ ಹೇಳ್ರೀ. ನನ್ನ ಹೊಟ್ಟೆ ಒಡೆದುಹೋಗ್ತಿದೆ" ಎಂದು ಅಲ್ಪವಿರಾಮನಿಗೆ ಹೇಳಿ, ಅವನನ್ನು ಕಾಯದೆ ತಾನೇ ಶುರುಮಾಡಿದಳು.

ಆ ಬೆಳಗ್ಗೆ ಯಜಮಾನರು ಮೆಟ್ಟಿಲು ಎರಡೆರಡು ಹಾರಿಕೊಂಡು ಬಂದಿದ್ದರಂತೆ. ಮಂಡಿನೋವಿನ ಮನುಷ್ಯ. ಕೋಟನ್ನೂ ತೆಗೆಯದೆ ಚೀಟಿ ಕೇಳಿದರಂತೆ. "ಸಿಕ್ತು ಕಣ್ರಯ್ಯಾ, ಹನ್ನೊಂದು ವರ್ಷಕ್ಕೆ ಸಿಕ್ತು. ನಮ್ಮಕ್ಕ ಸಿಟ್ಟಾದ್ಳು, ಸರಿಯಾಗೇ ಬೈದ್ಳು, ನಾನು ಬೈಸಿಕೊಳ್ಳೋ ಕೆಲಸಾನೇ ಮಾಡಿದ್ದೆ. ಇಡೀ ಊರಲ್ಲಿ ಅವಳೊಬ್ಳು ಕೇಳಿದ್ರೆ ತಮಾಷೆ ಅನ್ನೋದಿಲ್ಲ ನೋಡ್ತಿರಿ" ಎಂದರಂತೆ. ಸಂಜೆ ಮೊದಲು ದರ್ಜಿಯಮ್ಮನ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕು, ಆಸ್ಪತ್ರೆಗೂ ಹೋಗಿಬರಬೇಕು, ಆಮೇಲೆ ಅಕ್ಕನಿಂದ ಧ್ವನಿ ಬರೆಸಬೇಕು ಎಂದು ಬೆರಳು ಮಡಚಿ ಎಣಿಸಿದರಂತೆ. ಚಹ ಕುಡಿದರಂತೆ. ಇವತ್ತು ಬುತ್ತಿ ಮರೆತು ಬಂದೆ, ಅದಕ್ಕೆ ಬೇರೆ ಬೈಗುಳ ಕಾದಿದೆ, ಅದು ಯಾವ ಪದವೋ ಎಂದು ನಕ್ಕರಂತೆ. ನಗುತ್ತಲೇ ಮೇಜಿನ ಮೇಲೆ ತಲೆಯಿಟ್ಟರಂತೆ.

ಅಕ್ಕ ಸೆರಗು ಕೆಳಗಿಳಿಸಿದಳು. "ಇದನ್ನ ಮೂರು ವಾರದ ಹಿಂದೆ ಹೇಳೋಕೇನಾಗಿತ್ತು ನಿಮ್ಗೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧ್ವನಿ ಬರೆಸುವ ಮೊದಲು ಆಡಿದವರ ಜೊತೆ ಆ ಚೀಟಿಯ ವಿಷಯ ಎತ್ತಕೂಡದು, ಎತ್ತಿದರೆ ಅವರ ಮನಸ್ಸು ಅತ್ತಿತ್ತ ವಾಲುತ್ತದೆ, ಚೀಟಿ ಕೆಡುತ್ತದೆ ಎಂಬುದು ಯಜಮಾನರ ಕಟ್ಟಳೆ ಎಂದ ಅಲ್ಪವಿರಾಮ. ಹಾಗಾದರೆ ಮಾರನೆಯ ದಿನವೇ ಬಂದು ಬರೆಸಬಹುದಿತ್ತಲ್ಲ ಎಂದು ಅಕ್ಕ ಕೇಳಿದಳು. ದುಃಖದಲ್ಲಿರುವವರಿಂದ ಇಪ್ಪತ್ತು ದಿನ ಧ್ವನಿ ಬರೆಸಕೂಡದು ಎಂಬುದೂ ಅವರದೇ ಕಟ್ಟಳೆ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಎದ್ದವನೇ ಬಂದೆ ಎಂದ.

ಅಕ್ಕ ಎದ್ದು ನಿಂತಳು. ಎಪ್ಪತ್ತನಾಲ್ಕು ವರ್ಷದ ಆ ಸಣ್ಣ ಜೀವ ಕೋಣೆಗೆಲ್ಲ ತುಂಬಿಕೊಂಡಿತು.

"ನನ್ನ ತಮ್ಮ ಪ್ರಸಂಗ ಇಲ್ಲದಿದ್ರೂ ಬಾಯಿ ಹಾಕೋನು. ನೀವು ಪ್ರಸಂಗ ಬಂದು ಎದುರಿಗೆ ನಿಂತು ಅಳ್ತಿದ್ರೂ ಬಾಯಿ ಬಿಡದ ಜನ. ಇಪ್ಪತ್ತು ದಿನ ನಾನು ಅನ್ನ ಉಂಡಿದ್ದು ನನಗೇ ಗೊತ್ತಿಲ್ಲ, ಇವಳು ನಲ್ಲಿ ರಿಪೇರಿ ಮಾಡಿಸ್ತಾಳೆ. ಇದಕ್ಕೊಂದು ಪದ ಇದ್ರೆ ಹುಡುಕಿ, ಅದನ್ನೂ ಅಚ್ಚು ಹಾಕಿ."

ಅಲ್ಪವಿರಾಮ ತಲೆ ತಗ್ಗಿಸಿ ಕೇಳುತ್ತಿದ್ದವನು ಮೆಲ್ಲಗೆ ಕೈ ಚಾಚಿ ಒಂದು ಖಾಲಿ ಚೀಟಿ ತೆಗೆದುಕೊಂಡ. ಬರೆಯತೊಡಗಿದ. ಪೆಟ್ಟಿಗೆಯ ಹೆಂಗಸು ಅವನ ಕೈಗೆ ಚಟ್ಟನೆ ಒಂದೇಟು ಕೊಟ್ಟಳು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ಅತ್ತಳು, ಅಳುತ್ತ ಮತ್ತೆ ನಕ್ಕಳು. ಅವರಿಬ್ಬರೂ ನಕ್ಕರು. ಕೆಳಗಿನ ಅಂಗಡಿಯವನು ಯಂತ್ರ ನಿಲ್ಲಿಸಿ, ಮೇಲೆ ಏನಾಯಿತು ಎಂದು ಕೂಗಿ ಕೇಳಿದ. ಅ ಅಕ್ಷರ ಮುಗಿಯಿತು ಎಂದು ಪೆಟ್ಟಿಗೆಯ ಹೆಂಗಸು ಮೆಟ್ಟಿಲ ಮೇಲಿಂದ ಉತ್ತರ ಕೊಟ್ಟಳು.

ಅಕ್ಕ ಒಬ್ಬಳೇ ನಡೆದು ಮನೆಗೆ ಬಂದಳು. ಕೈಕಾಲು ತೊಳೆದುಕೊಂಡು, ಕಿಟಕಿಯ ಬೆಳಕು ಬೀಳುವ ಕಡೆ ಕೂತು, ಕೈಮುಗಿದಳು. ತಂದೆ, ತಾಯಿ, ಗಂಡ, ಗೆಳತಿ, ನಾಯಿ, ಎಲ್ಲರೂ ಆದರು. ತಮ್ಮನ ಸರದಿ ಬಂತು. ನಾಲಿಗೆ ಒಣಗಲಿಲ್ಲ.

"ದೇವರೇ, ಅವನು ನಿನ್ನ ಹತ್ತಿರ ಬಂದಿದ್ದಾನೆ. ಒಳ್ಳೆಯವನು. ಅವನಿಂದ ನೊಂದವರು ಅವನನ್ನು ಕ್ಷಮಿಸಿದ್ದಾರೆ, ನೀನೂ ಕ್ಷಮಿಸು. ನನ್ನ ಮಾತು ಬಿರುಸಾಯಿತು, ನನ್ನನ್ನೂ ಕ್ಷಮಿಸು. ನೀನು ಮಾತಾಡುವಾಗ ಅವನು ನಡುವೆ ಬಾಯಿ ಹಾಕಿದರೆ ಸಿಟ್ಟಾಗಬೇಡ. ಹಾಕೇ ಹಾಕುತ್ತಾನೆ, ನನಗೆ ಗೊತ್ತು. ಬಹಳ ದುಡಿದು ಬಂದಿದ್ದಾನಪ್ಪ. ತಂಪಾದ ಜಾಗದಲ್ಲಿ ಕೂರಿಸು. ಅವನ ಜೀವಕ್ಕೆ ಶಾಂತಿ ಕೊಡು."